ರಾಣಿ ತಾನಾಗಿ ಹೊರಡಬೇಕು

ಜೂನ್ 2, ರವಿವಾರ

ಇವತ್ತಿನ ಆಟವನ್ನು ಬರೆದಿಡಲೇಬೇಕು. ಇಲ್ಲದಿದ್ದರೆ ನಾಳೆ ಮೂಡಲಗಿಯ ಟ್ಯೂಶನ್ನಿನಲ್ಲಿ ಆ ಕತ್ತೆಗಳಿಗೆ ತ್ರಿಕೋನಮಿತಿ ಹೇಳುವಷ್ಟರಲ್ಲಿ ತಲೆಯಲ್ಲಿದ್ದದ್ದೆಲ್ಲ ಆವಿಯಾಗಿ ಹೋಗುತ್ತದೆ.

ನಾನು ಆಡಿಸುವ ಆಟದಲ್ಲಿ ಕತ್ತಿ ಹಿರಿದವನು ಸೋತ. ಹಾಸ್ಟೆಲ್ಲಿನಲ್ಲಿ ನಾವು ಆಡುತ್ತಿದ್ದದ್ದು ಬೇರೆ: ಹೊಡಿ, ಬಡಿ, ದಾಳ ಉರುಳಿಸು, ರಾಕ್ಷಸನ ತಲೆ ಉರುಳಿಸು. ಥೂ, ಅದರಲ್ಲಿ ಬುದ್ಧಿಗೇನು ಕೆಲಸ? ಅದಕ್ಕೇ ನನ್ನದೇ ಒಂದು ಲೋಕ ಕಟ್ಟಿದೆ. ಹೆಸರು ಜಲಗಿರಿ. ಅಲ್ಲಿ ಮಾತಾಡುವ ಮೊಸಳೆಗಳಿವೆ, ಮಾಟಗಾತಿಯರಿದ್ದಾರೆ, ನೆರಳನ್ನು ಮಾರುವ ಸಂತೆಯಿದೆ. ಕತೆ ಹೇಳುವವನು ನಾನು, ಪಾತ್ರ ಆಡುವವರು ಅವರು. ಅಡಚಣೆ ನಾನು ಒಡ್ಡುತ್ತೇನೆ, ದಾರಿ ಅವರು ಹುಡುಕಬೇಕು. ಯಾರನ್ನಾದರೂ ಹೊಡೆದರೆ ಸೊನ್ನೆ. ಹೊಸ ಉಪಾಯಕ್ಕೆ ಒಂದು ಹುಣಸೆ ಬೀಜ.

ಗೋಕಾಕದ ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ ಪ್ರತಿ ರವಿವಾರ ಆಟ. ಗೆಳೆಯ ಸ್ವಪ್ನಿಲ್ ಔಷಧದ ಅಂಗಡಿಯವನು. ಆಟದಲ್ಲಿ ಹೆದರುಪುಕ್ಕ ಮಾಂತ್ರಿಕ. ಅವನ ಕಾಕಾನ ಮಗಳು ಮಯೂರಿ ಘಟಪ್ರಭಾದ ಬ್ಯಾಂಕಿನವಳು. ಆಟದಲ್ಲಿ ನಕ್ಷೆ ಬರೆಯುವವಳು. ಮೂರನೆಯವರು ನಮ್ಮ ಸುಮನ ವೈನಿ, ನನ್ನ ಅತ್ತಿಗೆ. ಸೂರಜಣ್ಣ ಮೋಟರ್ ಸೈಕಲ್ ಅಪಘಾತದಲ್ಲಿ ಹೋದ ಮೇಲೆ ವೈನಿ ಮಾತೇ ಬಿಟ್ಟಿದ್ದರು. ನಾನೇ ಹಟ ಮಾಡಿ ಆಟಕ್ಕೆ ಕೂರಿಸಿದೆ. ಈಗ ಹಕ್ಕಿಗಳ ಭಾಷೆ ಬಲ್ಲ ಗೌಳಗಿತ್ತಿ ಅವರು, ನನ್ನ ಆಟದ ಹುಲಿ.

ಇವತ್ತು ಧುಪದಾಳದ ಒಡ್ಡಿನಂಥದೇ ಒಂದು ಒಡ್ಡಿನ ಮೇಲೆ ರಾಕ್ಷಸನನ್ನು ಕಾವಲಿಗೆ ನಿಲ್ಲಿಸಿದ್ದೆ. ಒಬ್ಬರನ್ನೂ ದಾಟಗೊಡುವುದಿಲ್ಲ. ಸ್ವಪ್ನಿಲ್ ಎಂದಿನಂತೆ, "ಅಂವಗ ನಿದ್ದಿ ಗುಳಿಗಿ ಹಾಕೂಣು" ಎಂದ. ಎಲ್ಲದಕ್ಕೂ ಗುಳಿಗೆ ಅವನಿಗೆ. ಮಯೂರಿ ನೀರಿನ ಕೆಳಗೆ ದಾರಿ ಹುಡುಕಿ ಸೋತಳು. ವೈನಿ ಮಾತ್ರ ನನ್ನನ್ನೇ ನೋಡುತ್ತ ಕೇಳಿದರು.

"ಅಜಿತ, ಈ ರಾಕ್ಷಸನ ಪಾಳಿ ಬಿಡಸಾಕ ಯಾರ ಬರ್ತಾರ?"

"ಯಾರೂ ಬರೂದಿಲ್ರಿ ವೈನಿ."

"ಅಯ್ಯ ಪಾಪ. ಹಂಗಾರ ಅಂವಾ ಮನಿ ಕಂಡು ಎಷ್ಟು ವರ್ಷ ಆತೋ ಏನೋ. ನಾ ಅಂವಗ ಹೇಳ್ತೇನಿ, ಯಪ್ಪಾ, ನೀ ಹೋಗಿ ನಿಮ್ಮವ್ವನ ಮಾರಿ ನೋಡಿ ಬಾ, ನೀ ಬರೂತನ ಈ ಒಡ್ಡು ನಾ ಕಾಯ್ತೇನಿ."

ರಾಕ್ಷಸ ಕುಸಿದು ಕೂತು ಅತ್ತುಬಿಟ್ಟ. ನಾನೇ ಅಳಿಸಿದೆ, ಇನ್ನೇನು ಮಾಡಲಿ? ಮಯೂರಿ ಚಪ್ಪಾಳೆ ಹೊಡೆದಳು. ಒಳಗಿನಿಂದ ಅವ್ವ, "ಏನು ನಗ್ತೀರೋ, ರೊಟ್ಟಿ ಆರಾಕತ್ತಾವು" ಎಂದು ಕೂಗಿದಳು. ವೈನಿ ನಗುತ್ತ ಎದ್ದು ಬಡಿಸಲು ಹೋದರು. ಅವರು ನಕ್ಕದ್ದು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು.

ಜೂನ್ 5, ಬುಧವಾರ

ವೈನಿ ಬೆಳಗಿನ ಟ್ಯೂಶನ್ನಿನಲ್ಲಿ ಚಿಕ್ಕ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟರು. ರೊಟ್ಟಿ ಹರಿದು ತೋರಿಸಿದರಂತೆ. ಮಕ್ಕಳು ಭಿನ್ನರಾಶಿಯನ್ನು ತಿಂದೇ ಕಲಿತವು. ಶಭಾಷ್.

ಜೂನ್ 10, ಸೋಮವಾರ

ಮೂಡಲಗಿಯಿಂದ ಅಪ್ಪನ ತಮ್ಮ ರಾಜಪ್ಪ ಕಾಕಾ ಬಂದಿದ್ದ. ವೈನಿ ಟ್ಯೂಶನ್ನಿಗೆ ಹೋದ ವೇಳೆ ನೋಡಿಯೇ ಬಂದಿದ್ದಾನೆ, ಪಾಕಡಾ ಮುದುಕ. ಚಹಾ ಕುಡಿದು ಮೀಸೆ ಒರೆಸಿಕೊಂಡು ಶುರು ಮಾಡಿದ.

"ನೋಡಪಾ ಅಜಿತ, ಹರೇದ ಹುಡುಗ ನೀ, ಹರೇದ ಹೆಣಮಗಳು ಅಕಿ. ಒಂದೇ ಮನಿಯಾಗ ಇದ್ರ ಮಂದಿ ಎಷ್ಟ ದಿನ ಸುಮ್ಮ ಇರ್ತಾರ? ನಾಗರ ಪಂಚಮಿಯೊಳಗ ಉಡಕಿ ಮಾಡಿ ಮುಗಸೂಣು. ನೀ ಅಕಿಗೆ ಸೀರಿ ಉಡಿಸು, ತಾಳಿ ಕಟ್ಟು. ಅಣ್ಣನ ಬಾಳೆ ಈ ಮನಿಯಾಗೇ ಉಳೀತೈತಿ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಹುಕ್ಕೇರಿಗೆ ಅಕಿ ಅಣ್ಣನ ಮನಿಗೆ ಕಳಸಬೇಕಾಗತೈತಿ. ಕಳಿಸಿದಾಂವಾ ಯಾರು ಅಂದ್ರ ನಿನ್ನ ಹೆಸರೇ ಬರ್ತೈತಿ, ತಿಳಕೋ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಸುಮಾ ನನ್ನ ಕಣ್ಣಮುಂದ ಇದ್ರ ಸಾಕೋ ಯಪ್ಪಾ" ಎಂದಳು. ಇಬ್ಬರೂ ನನ್ನ ಬಾಯಿ ನೋಡುತ್ತ ಕೂತರು. ವಿಚಾರ ಮಾಡುತ್ತೇನೆ ಎಂದು ಎದ್ದು ಬಂದೆ. ನಾನು ಅವರನ್ನು ವೈನಿ ಎಂದು ಕರೆದವನು! ಮಯೂರಿಗೆ ಇನ್ನೂ ಒಂದು ಮಾತು ಹೇಳಿಲ್ಲ ನಾನು, ಅಷ್ಟರಲ್ಲಿ ಇವರು ನನಗೆ ಸಂಸಾರ ಕಟ್ಟಿ ಕೊಟ್ಟರು.

ಜೂನ್ 13, ಗುರುವಾರ

ಒಲ್ಲೆ ಎಂದರೆ ಅವ್ವ ಹಾಸಿಗೆ ಹಿಡಿಯುತ್ತಾಳೆ. ಹೂಂ ಎಂದರೆ ನಾನು ಹಿಡಿಯುತ್ತೇನೆ. ವೈನಿಯನ್ನು ಹೋಗಿರಿ ಎಂದರೆ ಓಣಿಯವರು ನನ್ನ ಮೇಲೆ ಉಗುಳುತ್ತಾರೆ. ಅಣ್ಣ ಸತ್ತ, ತಮ್ಮ ಅತ್ತಿಗೆಯನ್ನು ಓಡಿಸಿದ ಎಂದು. ನನ್ನ ಟ್ಯೂಶನ್ನಿಗೆ ಮಕ್ಕಳನ್ನು ಕಳಿಸುವವರು ಅವರೇ.

ಇದು ನನ್ನದೇ ಆಟದ ಅಡಚಣೆ ಇದ್ದ ಹಾಗಿದೆಯಲ್ಲ ಎಂದು ಮೂಡಲಗಿಯಿಂದ ಬರುವಾಗ ಗಾಡಿಯ ಮೇಲೆ ಹೊಳೆಯಿತು. ಕತ್ತಿ ಹಿರಿಯುವಂತಿಲ್ಲ, ದಾರಿ ಮಾತ್ರ ಬೇಕು.

ಜೂನ್ 16, ರವಿವಾರ

ಇವತ್ತಿನ ಅಡಚಣೆ ಹೀಗೆ ಒಡ್ಡಿದೆ:

ಜಲಗಿರಿಯ ಕೋಟೆಯಲ್ಲಿ ಒಬ್ಬ ರಾಣಿ. ಎಲ್ಲರಿಗೂ ಅವಳ ಮೇಲೆ ಪ್ರೀತಿ. ಆದರೆ ಪಂಚಮಿಯೊಳಗೆ ಕೋಟೆ ಖಾಲಿಯಾಗದಿದ್ದರೆ ಊರಿಗೇ ಶಾಪ. ಅವಳನ್ನು ಹೊಡೆಯಬಾರದು, ಬೈಯಬಾರದು, ಹೋಗು ಎನ್ನಬಾರದು, ಸುಳ್ಳು ಹೇಳಬಾರದು. ಆಮೇಲೆ ಯಾರೂ ಯಾರನ್ನೂ ದೂರಬಾರದು. ರಾಣಿ ತಾನಾಗಿ ಹೊರಡಬೇಕು.

ಸ್ವಪ್ನಿಲ್, "ಶಾಪದ ವಿಷಯಾ ಅಕಿಗೇ ಹೇಳಿಬಿಡೂಣು, ಅಕಿ ಚಲೋ ರಾಣಿ ಇದ್ರ ತಾನೇ ಹೋಗ್ತಾಳ" ಎಂದ. ಹೇಳಿದರೆ ಹೋಗು ಎಂದಂತೆಯೇ ಆಯಿತು ಎಂದು ಸೊನ್ನೆ ಕೊಟ್ಟೆ. ಮಯೂರಿ ಶಾಪವನ್ನೇ ಮುರಿಯಲು ನೋಡಿದಳು. ಅದಕ್ಕೂ ದಾರಿ ಇಡಲಿಲ್ಲ ನಾನು. ವೈನಿ ತಲೆ ಅಲ್ಲಾಡಿಸಿದರು.

"ಈ ಆಟ ನನಗ ಸೇರವಲ್ದು ಅಜಿತ. ರಾಣಿ ಏನ ತಪ್ಪ ಮಾಡ್ಯಾಳ?"

"ಆಟ ರೀ ವೈನಿ. ಉಪಾಯ ಇದ್ರ ಹೇಳ್ರಿ."

"ಉಪಾಯ ಐತಿ." ಮುಖ ಕೆಳಗೆ ಹಾಕಿ ಹೇಳಿದರು. "ಅಕಿ ಕೈಯಾನ ಕೆಲಸ ತಕ್ಕೋರಿ. ಎಲ್ಲಾ, ಒಂದೂ ಬಿಡಬ್ಯಾಡ್ರಿ. ಪ್ರೀತಿಲೇ ತಕ್ಕೋರಿ. ನೀ ಕೂಡ್ರವ್ವಾ, ನೀ ದಣದಿ, ನಾವ ಮಾಡ್ತೇವಿ ಅನ್ರಿ. ಅಕಿ ನೀರಿಗೆ ಏಳೂದ್ರೊಳಗ ನೀರು ತಂದು ಕೊಡ್ರಿ. ಎಲ್ಲಾರಕಿಂತ ಮೊದಲು ಅಕಿಗೆ ಉಣ್ಣಾಕ ಹಾಕ್ರಿ. ಮನಿಯಾಗ ಮೊದಲು ಉಣ್ಣಾಕಿ ಯಾರು? ಊರಿಂದ ಬಂದ ಬೀಗತಿ. ಕೆಲಸ ಇಲ್ಲದಾಕಿ ಆ ಮನಿಗೆ ಬೀಗತಿ ಆಗ್ತಾಳ. ಬೀಗತಿ ಎಷ್ಟ ದಿನ ಇರ್ತಾಳ? ತಾನೇ ಬಸ್ಸು ಎಷ್ಟಕ್ಕ ಐತಿ ಅಂತ ಕೇಳ್ತಾಳ."

ಮಯೂರಿ ಮೆಲ್ಲಗೆ, "ಅಕ್ಕಾರ, ಇದು ನಿಮಗ ಹೆಂಗ ಗೊತ್ತು?" ಎಂದಳು.

"ಅಜಿತನ ಅಣ್ಣ ಹೋದಾಗ ಬಂದ ಮಂದಿ ನನಗ ಏನಕ್ಕೂ ಕೈ ಹಚ್ಚಗೊಡಲಿಲ್ಲ. ಗೋಡಿಗೆ ಒರಗಿಸಿ ಕುಂಡ್ರಿಸಿದ್ರು. ಇನ್ನ ಈ ಮನಿ ನಂದಲ್ಲ ಅನಿಸಿಬಿಟ್ಟಿತ್ತು. ಒಂದಿನ ಅತ್ತಿ ಹಿಟ್ಟಿನ ಪರಾತ ತಂದು ನನ್ನ ಮುಂದ ಕುಕ್ಕಿ, ಹಸದ ಕುಂತೇವಿ, ರೊಟ್ಟಿ ಬಡಿ ಅಂತ ಬೈದ್ರು. ಆ ಬೈಗಳೇ ನನ್ನ ಉಳಿಸಿತು ನೋಡ್ರಿ."

ನಾನು ಎರಡು ಬೀಜ ಕೊಟ್ಟೆ. ಒಂದು ಸಾಲದು ಈ ಉಪಾಯಕ್ಕೆ. ವೈನಿ ಬೀಜ ಮುಟ್ಟಲಿಲ್ಲ, ಅಲ್ಲೇ ಬಿಟ್ಟು ಒಲೆಯ ಕಡೆ ಹೋದರು.

ಜೂನ್ 17, ಸೋಮವಾರ

ಎಂಥ ತಲೆ ಅದು! ನಮ್ಮ ಕ್ಲಾಸಿನ ಜಾಣರೆಲ್ಲ ಸೇರಿದರೂ ಇಷ್ಟು ಅಚ್ಚುಕಟ್ಟಾದ ಉತ್ತರ ಬರುವುದಿಲ್ಲ. ಒಂದು ಕೆಟ್ಟ ಮಾತಿಲ್ಲ, ಒಂದು ಸುಳ್ಳಿಲ್ಲ.

ಬರೀ ವಿಚಾರ ಮಾಡುತ್ತಿದ್ದೇನೆ, ಅಷ್ಟೇ. ವಿಚಾರ ಮಾಡಿದರೆ ಯಾರಿಗೆ ನಷ್ಟ?

ಜೂನ್ 19, ಬುಧವಾರ

ಭಾಂಡೆ ತಿಕ್ಕಲು, ಬಟ್ಟೆ ಒಗೆಯಲು ಓಣಿಯ ಉದ್ದವ್ವನನ್ನು ಗೊತ್ತು ಮಾಡಿದೆ. ಅವ್ವ ಬೆರಗಾಗಿ, "ಅಕಿ ಯಾಕೋ? ನಾವಿಬ್ಬರು ಇಲ್ಲೇನು?" ಎಂದಳು.

"ಅವ್ವಾ, ವೈನಿ ಕೈ ನೋಡಿಯೇನು? ಹೆಂಗ ಒರಟಾಗ್ಯಾವು. ಅಣ್ಣ ಇದ್ದಿದ್ರ ಹಿಂಗ ದುಡಸ್ತಿದ್ನೇನು? ಅಕಿನ್ನ ಮಗಳಗತೆ ನೋಡಕೊಳ್ಳೂಣು."

ಅವ್ವನ ಕಣ್ಣು ತುಂಬಿ ಬಂದವು. ನನ್ನ ತಲೆ ಸವರಿ, "ಬಂಗಾರದಂತಾ ಮಗಾ" ಎಂದಳು. ಮಾತು ನಿಜವೇ. ವೈನಿಯ ಕೈ ಒರಟಾಗಿವೆ.

ಜೂನ್ 25, ಮಂಗಳವಾರ

ವೈನಿ ಸಂತೆಯಿಂದ ಬಂದ ಕೂಡಲೇ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟೆ, ತಂಬಿಗೆಯಲ್ಲಿ. ಗಲಿಬಿಲಿಗೊಂಡಳು. ಮಧ್ಯಾಹ್ನ ಅವ್ವನಿಗೆ ಹೇಳಿ ಅವಳಿಗೇ ಮೊದಲು ಬಡಿಸುವಂತೆ ಮಾಡಿದೆ. "ಅತ್ತಿ, ನೀವು ಉಣ್ಣದ ನಾ ಹೆಂಗ ಉಣ್ಣಲಿ?" ಎಂದಳು. ಅವ್ವ ಪ್ರೀತಿಯಿಂದ ಗದರಿಸಿದಳು. ತಲೆ ತಗ್ಗಿಸಿ ಉಂಡಳು, ಎರಡನೇ ರೊಟ್ಟಿ ಬೇಡವೆಂದಳು.

ಸಂಜೆ ಕಪಾಟಿನ ಮೇಲಿನ ಹೂವಿನ ಚಿತ್ರದ ಕಪ್ಪು-ಬಸಿ ತೆಗೆದು ಚಹಾ ಕೊಟ್ಟೆ. ಆ ಕಪ್ಪುಗಳನ್ನು ನಾವು ಬೀಗರಿಗೆ, ಸಾಹೇಬರಿಗೆ ಮಾತ್ರ ತೆಗೆಯುವುದು. ಅವಳು ಬಸಿಯನ್ನು ನೋಡಿದಳು, ನನ್ನನ್ನು ನೋಡಿದಳು. ಚಹಾ ತಣ್ಣಗಾಗಿ ಕೆನೆ ಕಟ್ಟಿತು.

ಜುಲೈ 1, ಸೋಮವಾರ

ಚಿಕ್ಕ ಮಕ್ಕಳ ಕ್ಲಾಸಿಗೆ ಧುಪದಾಳದ ಒಬ್ಬ ಹುಡುಗಿಯನ್ನು ಹಾಕಿದೆ. ವೈನಿಗೆ, "ನೀವು ಆರಾಮ ಮಾಡ್ರಿ. ಮಳಿಯಾಗ ಯಾಕ ಒದ್ದಾಡ್ತೀರಿ?" ಎಂದೆ. ಮಳೆ ಬರುತ್ತಿರುವುದು ಸುಳ್ಳಲ್ಲವಲ್ಲ. ಒಂದೇ ಮಾತು ಕೇಳಿದಳು.

"ಮಕ್ಕಳು ನನ್ನ ಕೇಳಲಿಲ್ಲೇನು?"

ಕೇಳಿದವು. ಮಕ್ಕಳು ಎರಡು ದಿನ ಕೇಳುತ್ತವೆ, ಮೂರನೇ ದಿನ ಮರೆಯುತ್ತವೆ ಎಂದೆ.

ಜುಲೈ 7, ರವಿವಾರ

ಆಟ ಸಪ್ಪೆ. ಮಾಟಗಾತಿಯ ತೋಟದಿಂದ ಹೊರಬೀಳುವ ಸುಲಭದ ಅಡಚಣೆ. ರಾಣಿ ಒಂದೂ ಉಪಾಯ ಹೇಳಲಿಲ್ಲ. ಹಕ್ಕಿಗಳನ್ನು ಕೇಳ್ರಿ ಎಂದು ನಾನೇ ಸುಳಿವು ಕೊಟ್ಟರೆ, "ಹಕ್ಕಿ ಮಾತಾಡವಲ್ಲವು" ಎಂದಳು. ಮುಖ ಸಣ್ಣಗಾಗಿದೆ. ದಿನವೆಲ್ಲ ಕೂತೇ ಇರುವವರಿಗೆ ಹಸಿವು ಎಲ್ಲಿಂದ ಬರಬೇಕು?

ಹೋಗುವಾಗ ಮಯೂರಿ ಅಂಗಳದಲ್ಲಿ ನಿಂತು, "ಅಜಿತ ಸರ್, ಅಕ್ಕಾರಿಗೆ ಏನಾಗೇತ್ರಿ? ನೀವೇನರ ಅಂದ್ರೇನು?" ಎಂದಳು.

"ಒಂದು ಮಾತು ಅಂದಿಲ್ರಿ. ಬೇಕಾದ್ರ ಅವರನ್ನೇ ಕೇಳ್ರಿ."

ನಮ್ಮ ಮನೆಯವರ ಬಗ್ಗೆ ಇಷ್ಟು ಕಾಳಜಿ ಅವಳಿಗೆ. ಒಳ್ಳೆಯ ಹುಡುಗಿ. ಪಂಚಮಿ ಮುಗಿಯಲಿ, ಮಾತಾಡುತ್ತೇನೆ.

ಜುಲೈ 15, ಸೋಮವಾರ

ರಾಣಿ ತಿರುಗಿ ಬಿದ್ದಳು ಇವತ್ತು. ನಾವು ಏಳುವ ಮೊದಲೇ ಎದ್ದು ಅಂಗಳ ಗುಡಿಸಿ, ಒಲೆ ಹಚ್ಚಿ, ಹಿಟ್ಟು ನಾದಿಟ್ಟು ಕೂತಿದ್ದಳು. ಹಂಚು ಕಾಯುತ್ತಿತ್ತು. ಮೊದಲ ರೊಟ್ಟಿ ಕೈಯಲ್ಲಿತ್ತು. ಇಷ್ಟು ದಿನದ ಕೆಲಸ ಮಣ್ಣಾಯಿತು ಎಂದುಕೊಂಡೆ.

ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಅವ್ವ ಬಂದವಳೇ ಅವಳ ಪಕ್ಕಕ್ಕೆ ಕೂತು, ಹಿಟ್ಟಿನ ಕೈ ಹಿಡಿದು, "ಏ ಹುಚ್ಚಿ, ನಿನಗ ಯಾರು ಹೇಳಿದ್ರು? ಏಳು, ನಮ್ಮವ್ವ ಅಲ್ಲೇನು ನೀ, ಹೋಗಿ ಒಂದೀಟು ಅಡ್ಡಾಗು" ಎಂದು ಎಬ್ಬಿಸಿದಳು.

"ಅತ್ತಿ, ಒಂದೇ ರೊಟ್ಟಿ ಬಡೀತೇನ್ರಿ. ನಿಮ್ಮ ಕಾಲ ಬೀಳ್ತೇನಿ."

"ಮಗಳು ಅಂತ ತಿಳಕೊಂಡೇನಿ, ಮಗಳ ಕೈಲೆ ದುಡಿಸಿ ಉಣ್ಣಲ್ಯಾ?"

ಅವಳು ಎದ್ದು, ಕೈ ತೊಳೆಯದೆ, ಹಿಟ್ಟು ಮೆತ್ತಿದ ಕೈಯಲ್ಲೇ ಖೋಲಿಯಲ್ಲಿ ಹೋಗಿ ಕೂತಳು. ಅವ್ವ ಈಗ ನನಗಿಂತ ಚೆನ್ನಾಗಿ ಆಡುತ್ತಾಳೆ. ಆಡುತ್ತಿದ್ದೇನೆ ಎಂದು ಅವಳಿಗೆ ಗೊತ್ತೂ ಇಲ್ಲ.

ಜುಲೈ 22, ಸೋಮವಾರ

ಕೇಳಿದಳು.

"ಹುಕ್ಕೇರಿಗೆ ಮುಂಜಾನಿ ಬಸ್ಸು ಎಷ್ಟಕ್ಕ ಐತಿ ಅಜಿತ? ಪಂಚಮಿಗೆ ಹೋಗಿ ಬರಬೇಕು ಅನಸೇತಿ."

ಹೇಳಿದೆ. ಸಂಕೇಶ್ವರದ ಕಡೆಗಿನ ಇನ್ನೊಂದು ಬಸ್ಸಿನ ವೇಳೆಯನ್ನೂ ಹೇಳಿದೆ. ಗೆದ್ದೆ!

ಆಗಸ್ಟ್ 7, ಬುಧವಾರ

ಹೋದಳು.

ನಮ್ಮ ಮನೆಯಲ್ಲಿ ಸೊಸೆ ತವರಿಗೆ ಹೋಗುವಾಗ ಉಡಿ ತುಂಬುವುದಿಲ್ಲ. ಸೊಸೆ ತಿರುಗಿ ಬರುವವಳು. ಗಂಡನ ಮನೆಗೆ ಹೊರಟ ಮಗಳಿಗೆ ತುಂಬುತ್ತೇವೆ, ಊರಿಗೆ ಹೊರಟ ಬೀಗತಿಗೆ ತುಂಬುತ್ತೇವೆ. ಗಂಡ ಸತ್ತವಳಿಗಂತೂ ಯಾರೂ ತುಂಬುವುದಿಲ್ಲ. ನಾನು ನಿನ್ನೆಯೇ ಅವ್ವನಿಗೆ ಹೇಳಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ತಂದಿಟ್ಟಿದ್ದೆ. "ವಿಧವೆ ಅಂತ ಯಾಕ ದೂರ ಇಡಬೇಕು ಅವ್ವಾ? ಕಾಲ ಬದಲಾಗೇತಿ. ಮಗಳಂಗ ಕಳಸೂಣು." ಅವ್ವ ಮೊದಲು ಹಿಂಜರಿದಳು, ಆಮೇಲೆ ಅಳುತ್ತ ತುಂಬಿದಳು. ನೆರೆಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ, ಇಂಥ ಮೈದುನ ಯಾರಿಗೆ ಸಿಗುತ್ತಾನೆ ಎಂದು ಕಣ್ಣು ಒರೆಸಿಕೊಂಡರು.

ವೈನಿ ಸೆರಗು ಒಡ್ಡಿ ನಿಂತಿದ್ದಳು. ಅಕ್ಕಿ ಬೀಳುವುದನ್ನೇ ನೋಡುತ್ತಿದ್ದಳು. ಒಂದು ಹನಿ ಅಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕೆಳಗಿಟ್ಟೆ. ಅವಳು ನನ್ನ ಕಡೆ ನೋಡದೆ ಮಾತಾಡಿದಳು.

"ಕಾಕಾ ಬಂದು ಹೋದ ಮರುದಿನಾನೇ ಅತ್ತಿ ನನಗ ಕೇಳಿದ್ರು ಅಜಿತ. ಮೊದಲು ನೀ ಹೇಳು ಅಂತ ನಾ ಸುಮ್ಮ ಇದ್ದೆ. ನೀ ಒಲ್ಲೆ ಅಂದಿದ್ರ ನಾನೂ ಒಲ್ಲೆ ಅಂತಿದ್ದೆ. ಇಬ್ಬರೂ ಒಲ್ಲೆ ಅಂದಮ್ಯಾಲೆ ಕಾಕಾ ಏನ ಮಾಡ್ತಿದ್ರು? ಬೈದು ಮೂಡಲಗಿಗೆ ಹೋಗ್ತಿದ್ರು. ನಾ ಅತ್ತಿ ಕೂಡ ರೊಟ್ಟಿ ಬಡಕೋತ, ನಿನಗೊಂದು ಚಲೋ ಹೆಣ್ಣು ನೋಡಿ ಮದವಿ ಮಾಡ್ತಿದ್ದೆ."

ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ.

"ಆ ರಾಣಿ ನಾನೇ ಅಂತ ಆ ದಿನ ತಿಳೀಲಿಲ್ಲ. ಕಪ್ಪು ಬಸಿ ತಂದು ಕೊಟ್ಟಿ ನೋಡು, ಆವಾಗ ತಿಳೀತು. ನನ್ನ ಬಾಯಿಲೇ ಹೇಳಿಸಿದೆಲ್ಲೋ."

"ಗೊತ್ತಿದ್ರ ಮತ್ತ ಯಾಕ ಹೊಂಟ್ರಿ?"

"ನೀ ಬೈದಿದ್ರ ಜಗಳಾ ತಗದು ಇರ್ತಿದ್ದೆ. ಹೊಡದಿದ್ರ ಓಣಿ ಕೂಡಸ್ತಿದ್ದೆ. ಅತ್ತಿ ಪ್ರೀತಿಲೇ ನನ್ನ ಕೈಯಾನ ಹಿಟ್ಟು ಕಸಗೊಂಡ್ರು. ಅವರ ಕೂಡ ಹೆಂಗ ಜಗಳಾಡಲಿ? ನಿನ್ನ ಮಗಾ ಹಿಂಗ ಮಾಡ್ಯಾನ ಅಂತ ಅವರಿಗೆ ಹೇಳಲ್ಯಾ? ಒಬ್ಬ ಮಗನ್ನ ಕಳಕೊಂಡಾರ, ಇನ್ನೊಬ್ಬನೂ ಹೋದಂಗ ಆಗ್ತಿತ್ತು. ಅಷ್ಟು ಕೆಟ್ಟಾಕಿ ಅಲ್ಲ ನಾ."

ಬಸ್ಸು ಬಂತು. ಚೀಲ ಏರಿಸಿ ಕೊಟ್ಟೆ. ಕಿಟಕಿಯ ಹತ್ತಿರ ಸೀಟು ಸಿಕ್ಕಿತು ಅವಳಿಗೆ.

ಬೇಸರದಲ್ಲಿ ಆಡಿದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಆದರೆ ಬೈದಿದ್ದರೆ ಉಳಿಯುತ್ತಿದ್ದೆ ಎಂದದ್ದು ಸ್ವಾರಸ್ಯವಾಗಿದೆ. ಅಂದರೆ ಬೈಯಬಾರದು ಎಂಬ ನಿಯಮ ನಾನು ಇಟ್ಟದ್ದು ಸರಿಯೇ ಆಯಿತು.

ಆಗಸ್ಟ್ 12, ಸೋಮವಾರ

ಪಂಚಮಿ ಮುಗಿಯಿತು. ರಾಣಿ ಬರಲಿಲ್ಲ. ಇಲ್ಲೇ ಇರುತ್ತೇನೆ ಎಂದು ಅವ್ವನಿಗೆ ಫೋನು ಮಾಡಿದಳಂತೆ. ಕಾಕಾ ಬಂದು, "ಅಕಿ ತಾನೇ ಹ್ವಾದ್ಲಲಾ, ನಿಮ್ಮ ಮ್ಯಾಲೆ ಏನೂ ಮಾತಿಲ್ಲ ಬಿಡು" ಎಂದು ನನ್ನ ಬೆನ್ನು ತಟ್ಟಿದ. ಯಾರೂ ಯಾರನ್ನೂ ದೂರಲಿಲ್ಲ. ಆಟದಲ್ಲಿ ಇಂಥ ಗೆಲುವು ಯಾರೂ ಗೆದ್ದಿರಲಿಕ್ಕಿಲ್ಲ.

ಮಯೂರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಆಮೇಲೆ ಒಂದು ಸಾಲು ಕಳಿಸಿದಳು: "ಸುಮನಕ್ಕಾರ ಇಲ್ಲದ ಮನಿಗೆ ನಾ ಬರೂದಿಲ್ರಿ." ಬ್ಯಾಂಕಿನಲ್ಲಿ ಕೆಲಸ ಹೆಚ್ಚಿರಬೇಕು.

ಆಗಸ್ಟ್ 20, ಮಂಗಳವಾರ

ಸ್ವಪ್ನಿಲ್ ಔಷಧದ ಕೆಲಸಕ್ಕೆ ಹುಕ್ಕೇರಿಗೆ ಹೋದವನು ವೈನಿಯ ಅಣ್ಣ ಕೇದಾರಿಯ ಮನೆಗೂ ಹೋಗಿ ಬಂದಿದ್ದಾನೆ. ಇವನಿಗ್ಯಾಕೆ ಬೇಕಿತ್ತು? ಅಂಗಡಿಯ ಮುಂದೆ ನನ್ನ ಗಾಡಿ ನಿಲ್ಲಿಸಿ ಕೀಲಿ ಕಿತ್ತುಕೊಂಡ.

"ಹಿತ್ತಲದಾಗ ಕಣಕಿ ಮೇವು ಇಡೂ ಖೋಲ್ಯಾಗ ಮಲಗಸ್ಯಾರಲೇ ಅಕಿನ್ನ. ನಸುಕಿನ್ಯಾಗ ಸಗಣಿ, ಆಮ್ಯಾಲೆ ಭಾಂಡೆ, ಕೇದಾರಿ ಹೇಣ್ತಿ ಸರಿತಾನ ಮಕ್ಕಳ ಹೇಲು ಉಚ್ಚಿ, ಹೊತ್ತೇರಿದ ಮ್ಯಾಲೆ ಮಂದಿ ಹೊಲದಾಗ ಕಳೆ ತಗ್ಯಾಕ ಕಳಸ್ತಾರ. ಕೈಗೆ ಸುಟ್ಟ ಗಾಯ ಆಗೇತಿ, ಹಳೀ ಬಟ್ಟಿ ಸುತ್ತಿದ್ಲು. ನಾ ಮುಲಾಮು ಕೊಟ್ರ ಸರಿತಾ, ಎಲ್ಲಾ ನಾಟಕಾ ಅಕಿದು ಅಂತ ಅಂದ್ಲು. ಹೋಗಿ ಕರಕೊಂಡು ಬಾರೋ ಮಾರಾಯಾ."

"ಅಕಿ ತಾನೇ ಹೋಗ್ಯಾಳ."

"ಮಾರಿ ನೋಡಿ ಹೇಳು ನನಗ, ಅಕಿ ತಾನೇ ಹೋಗ್ಯಾಳ ಅಂತ."

ನಾನು ಅವನ ಮುಖ ನೋಡಿಯೇ ಹೇಳಿದೆ. ಕೀಲಿ ನೆಲಕ್ಕೆ ಒಗೆದು, ವೈನಿ ಬರುವ ತನಕ ನಿನ್ನ ಆಟಕ್ಕೆ ಬರುವುದಿಲ್ಲ ಎಂದ. ಇವನಿಗೆ ಮೊದಲಿನಿಂದಲೂ ಉಪಾಯ ಹೊಳೆಯುವುದಿಲ್ಲ. ಹೊಳೆಯದವರಿಗೆ ಸಿಟ್ಟು ಬೇಗ ಬರುತ್ತದೆ.

ಆಗಸ್ಟ್ 24, ಶನಿವಾರ

ಹೊಸ ಅಡಚಣೆ. ಅವ್ವ ಊಟ ಬಿಟ್ಟಿದ್ದಾಳೆ. ಸೋಮವಾರ ಹುಕ್ಕೇರಿಗೆ ಹೋಗಿ ಸುಮಾನನ್ನು ಕರೆತರುತ್ತೇನೆ ಎಂದು ಚೀಲ ಕಟ್ಟಿದ್ದಾಳೆ. ಅದರಲ್ಲಿ ಒಂದು ಭರಣಿ ಉಪ್ಪಿನಕಾಯಿ, ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳ ಹಿಂಡಿ, ತನ್ನದೇ ಎರಡು ಮೆತ್ತನೆಯ ಸೀರೆ. ಬೇಡವೆಂದರೆ ಯಾಕೆ ಎನ್ನುತ್ತಾಳೆ. ಹೋದರೆ ಆ ಖೋಲಿ ನೋಡುತ್ತಾಳೆ, ಕೈ ನೋಡುತ್ತಾಳೆ, ಕರೆದುಕೊಂಡೇ ಬರುತ್ತಾಳೆ. ಎಲ್ಲ ಮೊದಲಿನಿಂದ ಶುರು.

ಆಗಸ್ಟ್ 25, ರವಿವಾರ

ಇವತ್ತು ಆಟಕ್ಕೆ ಯಾರೂ ಬರಲಿಲ್ಲ. "ಅವ್ವಾ, ನೀನೇ ಆಡು ಬಾ" ಎಂದೆ.

"ನನಗೇನ ತಿಳೀತೈತೋ ಹುಚ್ಚಾ" ಎಂದಳು, ಆದರೂ ಬಂದು ಕೂತಳು. ಮಗ ಕರೆದನಲ್ಲ ಎಂಬ ಸಂಭ್ರಮ. ತಲೆ ಬಾಚಿಕೊಂಡು ಬಂದಿದ್ದಳು.

ಹೀಗೆ ಒಡ್ಡಿದೆ: ಜಲಗಿರಿಯಲ್ಲಿ ಒಂದು ಆಕಳು. ಕರು ಹೊಳೆಯ ಆಚೆ ದಂಡೆಯಲ್ಲಿದೆ. ಆಕಳು ಹಗಲೆಲ್ಲ ಒದರುತ್ತದೆ, ಹೊಳೆಗೆ ಇಳಿಯಲು ನೋಡುತ್ತದೆ. ಅದನ್ನು ಹೊಡೆಯಬಾರದು, ಕಟ್ಟಬಾರದು, ಅದಕ್ಕೆ ಸುಳ್ಳು ಹೇಳಬಾರದು. ತಾನಾಗಿ ಹಟ ಬಿಡಬೇಕು.

ಅವ್ವ ಬಹಳ ವಿಚಾರ ಮಾಡಲಿಲ್ಲ.

"ಇದೇನ ಬಿಡಸಲಾರದ್ದೋ? ಕರ ಮೇವಿಗೆ ಹತ್ತೇತಿ ಅಂತ ಅದಕ್ಕ ಹೇಳು. ಮೇವಿಗೆ ಹತ್ತಿದ ಕರದ ಚಿಂತಿ ಆಕಳು ಬಿಡ್ತೈತಿ. ನಮ್ಮ ಮನಿಯಾಗ ಎಷ್ಟ ನೋಡೇನಿ."

ಬೀಜ ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ಮಕ್ಕಳಂತೆ ನಕ್ಕಳು. ಆಗ ಸಹಜವಾಗಿ ಹೇಳಿದೆ.

"ಅವ್ವಾ, ಸ್ವಪ್ನಿಲ್ ಹುಕ್ಕೇರಿಗೆ ಹೋಗಿದ್ದ. ವೈನಿನ್ನ ನೋಡಿ ಬಂದಾನ."

"ಹೆಂಗ ಅದಾಳೋ? ಹೇಳು, ಹೆಂಗ ಅದಾಳು?"

"ಮುಂಜಾನಿ ಎದ್ರ ಕೈತುಂಬ ಕೆಲಸಂತ. ದನಾ, ಮಕ್ಕಳು, ಹೊಲಾ. ಕುಂಡ್ರಾಕ ಪುರಸತ್ತಿಲ್ಲಂತ. ಸರಿತಾ ಎಲ್ಲಾ ಅಕಿ ಮ್ಯಾಲೇ ಬಿಟ್ಟಾಳಂತ."

ಒಂದು ಮಾತೂ ಸುಳ್ಳಲ್ಲ.

ಅವ್ವ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ಖರೇನ? ಕೆಲಸಕ್ಕ ಹತ್ಯಾಳೇನು? ಪಾಡಾತು ನೋಡು. ಇಲ್ಲಿ ಸುಮ್ಮ ಕುಂತು ಕುಂತು ಬಾಡಿ ಹೋಗಿತ್ತು ನನ್ನ ಕೂಸು. ಅಲ್ಲಿ ಮನಸು ಹತ್ತೇತಿ ಅಂದ್ರ ನಾ ಯಾಕ ಹೋಗಿ ಎಬಸಲಿ? ಬ್ಯಾಡ ಬಿಡು."

ಒಳಗೆ ಹೋಗಿ ಚೀಲ ಬಿಚ್ಚಿದಳು. ಸೀರೆ ಪೆಟ್ಟಿಗೆಗೆ, ಭರಣಿ ಮಾಡಿಗೆ. ಆಮೇಲೆ ಎಷ್ಟೋ ದಿನದ ಮೇಲೆ ಎರಡು ರೊಟ್ಟಿ ಉಂಡಳು. ಕೈ ತೊಳೆದುಕೊಳ್ಳುತ್ತ, "ಬರೂ ರವಿವಾರಾನೂ ನನ್ನ ಕರಿಯೋ, ಈ ಆಟ ಚಲೋ ಐತಿ" ಎಂದಳು.